ರೋಮ್‌ವರೆಗೆ ನಡೆದೆ, ನಡೆದದ್ದಕ್ಕಿಂತ ಜಾಸ್ತಿ ಕೇಳಿದೆ

ಇಂಗ್ಲೆಂಡಿನ ಕ್ಯಾಂಟರ್ಬರಿಯಿಂದ ರೋಮ್‌ವರೆಗೆ ಒಂದು ಹಳೆಯ ಕಾಲುದಾರಿ ಇದೆ. ವಿಯಾ ಫ್ರಾಂಚಿಜೆನಾ ಅಂತ ಅದರ ಹೆಸರು. ಉದ್ದ ಸುಮಾರು 2000 ಕಿಲೋಮೀಟರ್. ಡೋವರ್‌ನಲ್ಲಿ ಹಡಗು ಹತ್ತಿ ಕಡಲು ದಾಟಬೇಕು, ಫ್ರಾನ್ಸ್ ಉದ್ದಕ್ಕೂ ನಡೆಯಬೇಕು, ಸ್ವಿಟ್ಜರ್ಲೆಂಡಿನಲ್ಲಿ ಆಲ್ಪ್ಸ್ ಹತ್ತಬೇಕು, ಆಮೇಲೆ ಇಟಲಿ. ಅದನ್ನು ನಾನು ಎರಡು ಕಂತಿನಲ್ಲಿ, ಎರಡು ವರ್ಷ ತೆಗೆದುಕೊಂಡು ನಡೆದು ಮುಗಿಸಿದೆ. ಶುರು ಮಾಡುವಾಗ ನನಗೆ 66, ಮುಗಿಸುವಾಗ 67. ಕೃತಕ ಕಾಲು ಹಾಕಿಸಿಕೊಡುವ ಒಂದು ಸಂಸ್ಥೆಗೆ ಹಣ ಸೇರಿಸುವುದು ಉದ್ದೇಶ.

ಮಂಡಿ ನೋಯಲಿಲ್ವಾ, ಒಬ್ಬಳೇ ಹೋಗೋಕೆ ಭಯ ಆಗಲಿಲ್ವಾ, ಎಷ್ಟು ಭಾರ ಹೊತ್ತೆ ಅಂತ ತುಂಬಾ ಜನ ಕೇಳುತ್ತಾರೆ. ಎಲ್ಲ ಹೇಳುತ್ತೇನೆ. ಆದರೆ ಯಾರೂ ಕೇಳದ ವಿಷಯ ಒಂದಿದೆ. ನನಗೆ ನಿಜವಾಗಿ ಕಷ್ಟವಾಗಿದ್ದು ನಡೆಯುವುದಲ್ಲ, ಇನ್ನೊಬ್ಬರ ಹತ್ತಿರ ಬಾಯಿಬಿಟ್ಟು ಕೇಳುವುದು. ಇಡೀ ಜೀವನ ಯಾರ ಹತ್ತಿರವೂ ಏನೂ ಕೇಳಬಾರದು ಅಂತ ಬೆಳೆದವಳು ನಾನು. ಸಾಲ ಮಾಡಲಿಲ್ಲ, ಪಕ್ಕದ ಮನೆಯಲ್ಲಿ ಒಂದು ಲೋಟ ಸಕ್ಕರೆ ಕೇಳಲಿಲ್ಲ. ಅಂಥವಳು ನಿವೃತ್ತಿ ಆದಮೇಲೆ ಗೊತ್ತಿರುವವರಿಗೆಲ್ಲ ಫೋನ್ ಮಾಡಿ ದುಡ್ಡು ಕೊಡಿ ಅನ್ನಬೇಕಾಯಿತು.

ಇದಕ್ಕೆಲ್ಲ ಕಾರಣ ನನ್ನ ಗೆಳತಿ. ವರ್ಷಗಟ್ಟಲೆ ಒಂದೇ ಕಡೆ ಕೆಲಸ ಮಾಡಿದವರು ನಾವು. ಸಕ್ಕರೆ ಕಾಯಿಲೆಯಿಂದ ಪಾದದ ಗಾಯ ಮಾಯದೆ ಅವಳಿಗೆ ಮಂಡಿಯ ಕೆಳಗೆ ಒಂದು ಕಾಲು ತೆಗೆಯಬೇಕಾಯಿತು. ಕೃತಕ ಕಾಲು ಅಂದರೆ ಒಂದು ಸಲ ಹಾಕಿಸಿದರೆ ಮುಗಿಯಿತು ಅಂತಲೇ ನಾನೂ ಅಂದುಕೊಂಡಿದ್ದೆ. ಹಾಗಿಲ್ಲ. ಶಸ್ತ್ರಚಿಕಿತ್ಸೆ ಆದ ಮೊದಲ ವರ್ಷ ಉಳಿದ ಕಾಲು ಸಣ್ಣಗಾಗುತ್ತಾ ಹೋಗುತ್ತದೆ. ಅದನ್ನು ಕೂರಿಸುವ ಬಟ್ಟಲು, ಅದಕ್ಕೆ ಸಾಕೆಟ್ ಅನ್ನುತ್ತಾರೆ, ಸಡಿಲವಾಗುತ್ತದೆ. ಸಡಿಲವಾದರೆ ಉಜ್ಜುತ್ತದೆ, ಉಜ್ಜಿದರೆ ಮತ್ತೆ ಗಾಯ. ಆದ್ದರಿಂದ ಬದಲಾಯಿಸಬೇಕು. ಮಕ್ಕಳಾದರೆ ಬೆಳೆದಂತೆಲ್ಲ ಹೊಸದು ಬೇಕು. ಖರ್ಚು ಮುಗಿಯುವುದೇ ಇಲ್ಲ. ಅವಳಿಗೆ ಪಿಂಚಣಿ ಇತ್ತು, ನಡೆಯಿತು. ಅವಳ ಪಕ್ಕ ಕುಳಿತಿದ್ದ ಎಷ್ಟೋ ಜನರಿಗೆ ಏನೂ ಇರಲಿಲ್ಲ.

ನಾನು ರೋಮ್‌ಗೆ ನಡೆದು ಹೋಗುತ್ತೇನೆ ಅಂದಾಗ ಅವಳು ನಕ್ಕಳು. "ಬಾತ್‌ರೂಮಿನವರೆಗೆ ಸರಿಯಾಗಿ ನಡೆಯೋಕೆ ನಂಗೆ ತಿಂಗಳುಗಳು ಬೇಕಾಯ್ತು ಕಣೇ. ನೀನು ರೋಮ್‌ಗೆ ಹೋಗ್ತೀಯಾ? ಹೋಗು. ಆದ್ರೆ ರಾತ್ರಿ ಮಲಗೋ ಮುಂಚೆ ಪಾದದ ಕೆಳಗೆ ಕನ್ನಡಿ ಹಿಡಿದು ನೋಡ್ಕೋ" ಅಂದಳು. ಕಾಲು ಉಳಿಸಿಕೊಳ್ಳುವ ವಿಷಯದಲ್ಲಿ ನನಗೆ ಸಿಕ್ಕ ಒಳ್ಳೆಯ ಸಲಹೆ ಅದೇ. ದೊಡ್ಡ ದೊಡ್ಡ ನಡಿಗೆ ಮಾಡಿದವರು ಯಾರೂ ಅದನ್ನು ಹೇಳಿರಲಿಲ್ಲ.

ಮೊದಲು ವೀಸಾ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಇಡೀ ಯೋಜನೆಯ ಆಕಾರ ನಿರ್ಧಾರವಾಗಿದ್ದು ಅದರಿಂದಲೇ. ಇಂಗ್ಲೆಂಡಿಗೆ ಬೇರೆ ವೀಸಾ, ಉಳಿದ ಮೂರು ದೇಶಕ್ಕೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಷೆಂಗೆನ್‌ನಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಹಾಗಾಗಿ ಅಲ್ಲಿನ ದಿನ ಲೆಕ್ಕಕ್ಕೆ ಬರಲ್ಲ ಅಂತ ಕೆಲವರು ಅಂದುಕೊಳ್ಳುತ್ತಾರೆ. ಬರುತ್ತದೆ, ಅದೂ ಷೆಂಗೆನ್‌ನಲ್ಲೇ ಇದೆ. ದಿನಕ್ಕೆ 25 ಕಿಲೋಮೀಟರ್‌ನಂತೆ ಒಂದು ದಿನವೂ ಬಿಡದೆ ನಡೆದರೆ ಕಡಲಿನಾಚೆಯ ದಾರಿಗೇ 80 ದಿನದ ಹತ್ತಿರ ಬೇಕು. ಮೂವತ್ತು ವರ್ಷದವರು ಮಾಡಬಹುದು. ನನ್ನ ವಯಸ್ಸಿನವರು ದಿನಕ್ಕೆ 16, 18 ಅಂತ ಇಟ್ಟುಕೊಂಡು ನಡುವೆ ಬಿಡುವನ್ನೂ ಸೇರಿಸಿದರೆ 90ರಲ್ಲಿ ಮುಗಿಯುವ ಮಾತೇ ಇಲ್ಲ. ಅದಕ್ಕೇ ಎರಡು ಪಾಲು ಮಾಡಿದೆ. ಮೊದಲ ವರ್ಷ ಮೇ ತಿಂಗಳಲ್ಲಿ ಹೊರಟು, ಸ್ವಿಟ್ಜರ್ಲೆಂಡಿನಿಂದ ಇಟಲಿಗೆ ಆಲ್ಪ್ಸ್ ದಾಟುವ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯವರೆಗೆ. ಮುಂದಿನ ವರ್ಷ ಆಗಸ್ಟ್ ಕೊನೆಗೆ ಅಲ್ಲಿಂದಲೇ ಶುರು ಮಾಡಿ ರೋಮ್‌ವರೆಗೆ. ಆ ಕಣಿವೆದಾರಿ ಸರಿಸುಮಾರು ಅರ್ಧ ದೂರದಲ್ಲಿದೆ. ಜೊತೆಗೆ ಅಲ್ಲಿ ಬೇಸಿಗೆಯಲ್ಲಿ ಮಾತ್ರ ಹಿಮ ಕರಗಿ ದಾರಿ ತೆರೆಯುತ್ತದೆ, ಇಟಲಿಯ ಜುಲೈ ಬಿಸಿಲೂ ತಪ್ಪುತ್ತದೆ. ವೀಸಾಕ್ಕೆ ಕನಿಷ್ಠ 30,000 ಯೂರೋ ತನಕ ಆಸ್ಪತ್ರೆ ಖರ್ಚು ಭರಿಸುವ ವಿಮೆ ಕಡ್ಡಾಯ. ವಯಸ್ಸಾದವರು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ ಸಹಿ ಹಾಕಿ. ಮೊದಲೇ ಇರುವ ಕಾಯಿಲೆಗೆ ವಿಮೆ ಕೊಡದ ಪಾಲಿಸಿಗಳೇ ಜಾಸ್ತಿ, ಬೆಟ್ಟ ಹತ್ತುವುದನ್ನು ಸಾಹಸ ಕ್ರೀಡೆ ಅಂತ ಹೊರಗಿಡುವವೂ ಇವೆ.

ಇನ್ನು ದೇಹ. ನಾನು ಯಾವತ್ತೂ ಓಟಗಾರ್ತಿ ಅಲ್ಲ. ಹೊರಡುವ ಒಂದು ವರ್ಷ ಮುಂಚೆ ವೈದ್ಯರ ಹತ್ತಿರ ಹೋದೆ. ಹೃದಯದ ಪರೀಕ್ಷೆ, ಮೂಳೆ ಸಾಂದ್ರತೆಯ ಪರೀಕ್ಷೆ ಆಯಿತು. ರಕ್ತದೊತ್ತಡದ ಮಾತ್ರೆಯ ಬಗ್ಗೆ ಅವರು ಹೇಳಿದ ಒಂದು ಮಾತು ದಾರಿಯುದ್ದಕ್ಕೂ ಉಪಯೋಗಕ್ಕೆ ಬಂತು. ನನ್ನ ಮಾತ್ರೆ ಮೈಯಲ್ಲಿನ ನೀರನ್ನು ಹೊರಹಾಕುವ ಜಾತಿಯದು. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೂ ಕಡಿಮೆಯಾಗುತ್ತದಂತೆ. "ಬಾಯಾರಿಕೆ ಆದಾಗ ಕುಡೀತೀನಿ ಅನ್ಬೇಡಿ ಅಮ್ಮಾ, ಗಡಿಯಾರ ನೋಡಿ ಕುಡೀರಿ" ಅಂದರು. ಮಾತ್ರೆಗಳ ಹೆಸರನ್ನು ಕಂಪನಿ ಹೆಸರಿನಲ್ಲಿ ಅಲ್ಲ, ಒಳಗಿರುವ ಔಷಧದ ಹೆಸರಿನಲ್ಲಿ ಬರೆಸಿಕೊಂಡು ಹೋಗಿ. ಬೇರೆ ದೇಶದ ಔಷಧ ಅಂಗಡಿಯಲ್ಲಿ ನಮ್ಮ ಬ್ರ್ಯಾಂಡ್ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ತಯಾರಿ ಅಂದರೆ ಬೇರೇನೂ ಇಲ್ಲ, ನಡೆಯುವುದೇ. ಆದರೆ ಬೆನ್ನಿಗೆ ಚೀಲ ಹಾಕಿಕೊಂಡು, ಒಂದಾದ ಮೇಲೊಂದು ದಿನ. ಒಂದು ದಿನ 20 ಕಿಲೋಮೀಟರ್ ಯಾರು ಬೇಕಾದರೂ ನಡೆಯುತ್ತಾರೆ. ಮಾರನೇ ದಿನ ಬೆಳಿಗ್ಗೆ ಎದ್ದು ಮತ್ತೆ ನಡೆದಾಗಲೇ ಎಲ್ಲೆಲ್ಲಿ ನೋಯುತ್ತದೆ ಅಂತ ಗೊತ್ತಾಗುವುದು. ಚೀಲದ ಭಾರ ನಮ್ಮ ತೂಕದ ಹತ್ತನೇ ಒಂದು ಭಾಗ ಮೀರಬಾರದು ಅಂತ ನಡೆಯುವವರು ಹೇಳುತ್ತಾರೆ. ನನಗೆ 6 ಕಿಲೋ. ಎರಡು ಜೊತೆ ಬಟ್ಟೆ, ಮಳೆ ಕೋಟು, ಔಷಧ, ನೀರು, ಅಷ್ಟಕ್ಕೇ ತುಂಬಿಹೋಯಿತು. ಬೂಟು ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ, ದಿನವಿಡೀ ನಡೆದರೆ ಪಾದ ಊದುತ್ತದೆ. ಹತ್ತಿಯ ಕಾಲುಚೀಲ ಬೇಡ, ಬೆವರು ಹಿಡಿದಿಟ್ಟುಕೊಳ್ಳುತ್ತದೆ, ತೆಳುವಾದ ಉಣ್ಣೆಯದು ಒಳ್ಳೆಯದು. ಎರಡು ಕೈಗೆ ಎರಡು ಕೋಲು. ಮೊದಮೊದಲು ಮುದುಕಿ ಥರ ಕಾಣ್ತೀನಿ ಅಂತ ನಾಚಿಕೆ. ಮುದುಕಿಯೇ ಅಲ್ವಾ!

ಕೇಳುವ ವಿಷಯಕ್ಕೆ ಬರುತ್ತೇನೆ. ಮೊದಲ ಫೋನ್ ಮಾಡಿದ್ದು ಅಣ್ಣನಿಗೆ. ಹವಾಮಾನ, ಆರೋಗ್ಯ, ಮಕ್ಕಳು, ಎಲ್ಲ ಮಾತಾಡಿ, ದುಡ್ಡಿನ ಮಾತು ಎತ್ತದೆ ಫೋನ್ ಇಟ್ಟೆ. ಅಣ್ಣನ ಹತ್ತಿರವೇ ಆಗದಿದ್ದರೆ ಉಳಿದವರ ಹತ್ತಿರ ಹೇಗೆ? ಆಗ ನೆನಪಾಗಿದ್ದು ವಿನೋಬಾ ಭಾವೆ. 1951ರಲ್ಲಿ ಭೂದಾನ ಶುರುವಾದಾಗ ಅವರಿಗೆ 55. ಆಮೇಲೆ ವರ್ಷಗಟ್ಟಲೆ ಊರಿಂದ ಊರಿಗೆ ನಡೆದು, ಇರುವವರ ಹತ್ತಿರ ಇಲ್ಲದವರಿಗಾಗಿ ಭೂಮಿ ಕೇಳಿದರು. 1962ರಲ್ಲಿ ಗಡಿ ದಾಟಿ ಆಗಿನ ಪೂರ್ವ ಪಾಕಿಸ್ತಾನದಲ್ಲೂ ನಡೆದರು. ಅವರಿಗೆ 67 ತುಂಬಿದ್ದು ಅಲ್ಲೇ. ಅವರೆಲ್ಲಿ, ನಾನೆಲ್ಲಿ, ಹೋಲಿಕೆಯೇ ಇಲ್ಲ. ಆದರೂ ಅವರು ತಮಗಾಗಿ ಕೇಳಲಿಲ್ಲವಲ್ಲ, ನಾನೂ ನನಗಾಗಿ ಕೇಳುತ್ತಿಲ್ಲ ಅಂತ ಗಟ್ಟಿಯಾಗಿ ಹೇಳಿಕೊಂಡು ಮತ್ತೆ ಫೋನ್ ಎತ್ತಿಕೊಂಡೆ.

ಕೇಳಿದವರಲ್ಲಿ ಅರ್ಧ ಜನ ಕೊಟ್ಟರು, ಉಳಿದ ಅರ್ಧ ಜನ ಪ್ರಶ್ನೆ ಕೊಟ್ಟರು. ಅದರಲ್ಲಿ ಒಂದು ಪ್ರಶ್ನೆ ಮಾತ್ರ ಚುಚ್ಚಿತು. "ವಿಮಾನದ ಟಿಕೆಟ್ ದುಡ್ಡನ್ನೇ ಆ ಸಂಸ್ಥೆಗೆ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?" ಆಗುತ್ತಿತ್ತು. ನನ್ನ ಉತ್ತರ ಇಷ್ಟೇ. ನಡೆಯುವುದು ನನ್ನ ಆಸೆ, ಅದಕ್ಕೆ ನನ್ನ ಉಳಿತಾಯದ ದುಡ್ಡು. ಸೇವೆ ಅಂತ ಅದಕ್ಕೆ ಬಣ್ಣ ಹಚ್ಚುವುದಿಲ್ಲ. ಆದರೆ ಸುಮ್ನೆ ಮನೆಯಲ್ಲಿ ಕುಳಿತು ಕೇಳಿದ್ದರೆ ಇಷ್ಟು ಜನ ಕೊಡುತ್ತಿರಲಿಲ್ಲ, ಅದೂ ನಿಜ. ಒಬ್ಬ ಮುದುಕಿ ಎಲ್ಲಿಯವರೆಗೆ ಬಂದಳು ಅಂತ ದಿನಾ ನೋಡುವ ಕುತೂಹಲಕ್ಕೆ ಜನ ಕೊಡುತ್ತಾರೆ.

ಹಣದ ವಿಷಯದಲ್ಲಿ ಒಂದು ನಿಯಮ ಮಾಡಿಕೊಂಡೆ. ಒಂದು ರೂಪಾಯಿಯೂ ನನ್ನ ಖಾತೆಗೆ ಬರಬಾರದು. ಕೊಡುವವರು ನೇರವಾಗಿ ಸಂಸ್ಥೆಯ ಖಾತೆಗೆ ಹಾಕಬೇಕು, ರಸೀದಿ ಅಲ್ಲಿಂದಲೇ ಪಡೆಯಬೇಕು. ನನ್ನ ಹತ್ತಿರ ಇರುವುದು ಬರೀ ಹೆಸರಿನ ಪಟ್ಟಿ. ಇದು ಅತಿಯಾಯಿತು ಅಂತ ಮಗ ಹೇಳಿದ. ಅತಿಯೇನಲ್ಲ. ಇಂಗ್ಲೆಂಡಿನ ಕ್ಯಾಪ್ಟನ್ ಟಾಮ್ ಮೂರ್ ನೆನಪಿದೆಯಲ್ಲ? 2020ರಲ್ಲಿ, 100 ವರ್ಷ ತುಂಬುವ ಹೊತ್ತಿನಲ್ಲಿ, ಆಸರೆಗೆ ಗಾಲಿಯ ವಾಕರ್ ಹಿಡಿದು ತಮ್ಮ ಮನೆಯ ಅಂಗಳದಲ್ಲೇ ನಡೆದು 3 ಕೋಟಿ ಪೌಂಡ್‌ಗೂ ಹೆಚ್ಚು ಹಣ ಸೇರಿಸಿದರು. ಆ ಹಣ ಸರಿಯಾದ ಜಾಗಕ್ಕೇ ಹೋಯಿತು. ಆದರೆ ಆಮೇಲೆ ಅವರ ಹೆಸರಿನಲ್ಲಿ ಶುರುವಾದ ಪ್ರತಿಷ್ಠಾನವನ್ನು ಕುಟುಂಬದವರು ನಡೆಸಿದ ರೀತಿಯ ಬಗ್ಗೆ ದತ್ತಿ ಸಂಸ್ಥೆಗಳ ಮೇಲೆ ಕಣ್ಣಿಡುವ ಅಲ್ಲಿನ ಚಾರಿಟಿ ಕಮಿಷನ್ 2024ರಲ್ಲಿ ಕಟುವಾದ ವರದಿ ಕೊಟ್ಟಿತು. ನಡೆದವರ ಹೆಸರಿಗೂ ಮಸಿ ಹತ್ತಿತು. ಪಾಪ, ಅಷ್ಟು ಹೊತ್ತಿಗೆ ಅವರು ತೀರಿಹೋಗಿದ್ದರು.

ದಾರಿಯ ಬಗ್ಗೆ. ಕ್ರಿ.ಶ. 990ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಜೆರಿಕ್ ರೋಮ್‌ಗೆ ಹೋಗಿದ್ದರು. ವಾಪಸು ಬರುವಾಗ ತಂಗಿದ ಊರುಗಳ ಪಟ್ಟಿ ಬರೆಸಿಟ್ಟರು, ಸುಮಾರು 80 ಊರು. ಈಗಿನ ದಾರಿ ನಿಂತಿರುವುದು ಆ ಪಟ್ಟಿಯ ಮೇಲೆ. ಯಾತ್ರಿಕರಿಗೆ ಒಂದು ಪುಟ್ಟ ಪಾಸ್‌ಪೋರ್ಟ್ ಕೊಡುತ್ತಾರೆ, ತಂಗಿದ ಕಡೆಯಲ್ಲೆಲ್ಲ ಅದಕ್ಕೆ ಸೀಲು ಹಾಕಿಸಿಕೊಳ್ಳಬೇಕು. ಚರ್ಚಿನಲ್ಲಿ, ಊರಿನ ಪುರಸಭೆ ಕಚೇರಿಯಲ್ಲಿ, ಪ್ರವಾಸಿ ಕಚೇರಿಯಲ್ಲಿ, ಎಲ್ಲಿ ಬೇಕಾದರೂ. ದೇಣಿಗೆ ಕೊಟ್ಟವರಿಗೆ ನಾನು ಕಳಿಸುತ್ತಿದ್ದದ್ದು ನನ್ನ ಮುಖದ ಫೋಟೋ ಅಲ್ಲ, ಆ ಸೀಲುಗಳ ಫೋಟೋ. ಮುಖಕ್ಕಿಂತ ಅದು ಒಳ್ಳೆಯ ಸಾಕ್ಷಿ.

ಹಡಗು ಇಳಿಯುವ ಫ್ರಾನ್ಸ್‌ನ ಬಂದರು ಕ್ಯಾಲೆ ಬಿಟ್ಟ ಮೇಲೆ ಕಡಲ ಪಕ್ಕದ ಕ್ಯಾಪ್ ಬ್ಲಾಂಕ್ ನೇ ಗುಡ್ಡದ ಮೇಲೆ ನಿಂತರೆ, ಆಕಾಶ ತಿಳಿಯಾಗಿದ್ದ ದಿನ ಹಿಂದೆ ಡೋವರ್‌ನ ಬಿಳಿ ಬಂಡೆಗಳು ಕಾಣುತ್ತವೆ. ಅಷ್ಟು ನಡೆದೂ ಇನ್ನೂ ಇಂಗ್ಲೆಂಡ್ ಕಾಣುತ್ತಿದೆಯಲ್ಲ ಅಂತ ಬೇಜಾರಾಯಿತು. ಅರಾಸ್ ಸುತ್ತಮುತ್ತ ಮೊದಲ ಮಹಾಯುದ್ಧದ ಸೈನಿಕರ ಸಮಾಧಿಗಳು, ಹೊಲದ ನಡುವೆ ಬಿಳಿ ಕಲ್ಲಿನ ಸಾಲುಗಳು. ಕಲ್ಲಿನ ಮೇಲೆ ವಯಸ್ಸು ಬರೆದಿರುತ್ತದೆ. 19, 20, 22. ಅಲ್ಲಿ ಮಂಡಿ ನೋವಿನ ಬಗ್ಗೆ ಗೊಣಗಲು ಮನಸ್ಸು ಬರಲಿಲ್ಲ.

ಫ್ರಾನ್ಸ್‌ನ ಭಾಗ ಸುಲಭ ಅಂತ ಹೇಳುವವರನ್ನು ನಂಬಬೇಡಿ. ಬಹುಪಾಲು ಬೆಟ್ಟ ಇಲ್ಲ, ನಿಜ. ಆದರೆ ಜನವೂ ಇಲ್ಲ. ಸ್ಪೇನ್‌ನ ಪ್ರಸಿದ್ಧ ಯಾತ್ರೆಯ ದಾರಿಯಲ್ಲಿ ಹೆಜ್ಜೆಗೊಬ್ಬ ಯಾತ್ರಿಕ ಸಿಗುತ್ತಾರಂತೆ. ಇಲ್ಲಿ ಇಡೀ ದಿನ ನಡೆದರೂ ಒಂದು ನರಪಿಳ್ಳೆ ಇಲ್ಲ. ಹಳ್ಳಿ ಇದ್ದರೂ ಅಂಗಡಿ ಇರುವುದಿಲ್ಲ, ಅಂಗಡಿ ಇದ್ದರೆ ಅವತ್ತು ರಜೆ. ಷಾಂಪೇನ್ ಪ್ರಾಂತ್ಯದಲ್ಲಿ ಶಾಲೋನ್ ದಾಟಿದ ಮೇಲೆ ರೋಮನ್ನರ ಕಾಲದ ರಸ್ತೆ ಇದೆ. ಗೆರೆ ಎಳೆದ ಹಾಗೆ ನೇರ, ಮರವಿಲ್ಲ, ನೆರಳಿಲ್ಲ, ಎರಡೂ ಕಡೆ ಹೊಲ. ಅಲ್ಲಿಯ ನೆಲ ಸುಣ್ಣದ್ದು, ಮಳೆ ಬಂದರೆ ಬೂಟಿಗೆ ಬಿಳಿ ಕೆಸರು ಮೆತ್ತಿಕೊಂಡು ಒಂದೊಂದು ಕಾಲೂ ಒಂದು ಕಿಲೋ ಜಾಸ್ತಿ ತೂಗುತ್ತದೆ. ಗಡಿಯಾರ ನೋಡಿ ನೀರು ಕುಡಿದು ಕುಡಿದು ಅಲ್ಲಿ ನನ್ನ ಬಾಟಲಿ ಖಾಲಿಯಾಯಿತು.

ಕೇಳುವುದನ್ನು ನಾನು ಸರಿಯಾಗಿ ಕಲಿತದ್ದು ಅಲ್ಲಿ. ಮುಚ್ಚಿದ ಬಾಗಿಲು ತಟ್ಟಿ, ಬಾರದ ಭಾಷೆಯಲ್ಲಿ, ಖಾಲಿ ಬಾಟಲಿ ಎತ್ತಿ ತೋರಿಸಿದೆ. ಆ ಮನೆಯ ಹೆಂಗಸಿಗೆ ನನ್ನಷ್ಟೇ ವಯಸ್ಸು. ನೀರು ಕೊಟ್ಟರು, ಕುರ್ಚಿ ಎಳೆದು ಕೂರಿಸಿದರು, ಫೋನಿನಲ್ಲಿ ಅನುವಾದ ಮಾಡಿಕೊಂಡು ಯಾಕೆ ನಡೀತಿದ್ದೀರಿ ಅಂತ ಕೇಳಿದರು. ಹೇಳಿದೆ. ಹೊರಡುವಾಗ ಕೈಗೆ ಒಂದು ನೋಟು ತುರುಕಲು ಬಂದರು. ಕೈ ತಾನಾಗಿ ಹಿಂದೆ ಹೋಯಿತು. ನಿಯಮ ಇದೆಯಲ್ಲ, ನಗದು ಮುಟ್ಟಬಾರದು! ಅವರ ಮುಖ ಸಪ್ಪೆಯಾಯಿತು. ಕೊನೆಗೆ ಅವರ ಮನೆಯ ಮೇಜಿನ ಮೇಲೇ ಸಂಸ್ಥೆಯ ಪುಟ ತೆರೆದು, ಅವರ ಕಾರ್ಡಿನಿಂದ ಅವರೇ ಕಳಿಸಿದರು. ಅರ್ಧ ಗಂಟೆ ಹಿಡಿಯಿತು. ಆಮೇಲೆ ದಾರಿಯಲ್ಲಿ ನೀರು, ಜಾಗ, ಸೀಲು, ದುಡ್ಡು, ಯಾವುದನ್ನು ಕೇಳುವುದಕ್ಕೂ ನಾಲಿಗೆ ತಡವರಿಸಲಿಲ್ಲ. ನೀರಿಗೆ ಇನ್ನೊಂದು ಉಪಾಯವೂ ಇದೆ, ಫ್ರಾನ್ಸ್‌ನ ಸ್ಮಶಾನಗಳಲ್ಲಿ ನಲ್ಲಿ ಇರುತ್ತದೆ. ಕುಡಿಯಲು ಯೋಗ್ಯವಲ್ಲ ಅಂತ ಫಲಕ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಪಾದದಲ್ಲಿ ಬೊಬ್ಬೆ ಎದ್ದದ್ದು ಇದಕ್ಕೂ ಮೊದಲು, ರೀಮ್ಸ್ ಊರು ಸೇರುವ ಮುಂಚೆ. ರಾತ್ರಿ ಕನ್ನಡಿ ಹಿಡಿದಾಗ ಹಿಮ್ಮಡಿಯ ಪಕ್ಕ ಕೆಂಪಗೆ ಕಂಡಿತು. ನೋವಿನ್ನೂ ಇರಲಿಲ್ಲ. ಗೆಳತಿಗೆ ಫೋಟೋ ಕಳಿಸಿದೆ. "ಈಗ್ಲೇ ಪಟ್ಟಿ ಹಾಕು, ನಾಳೆ ನಡೀಬೇಡ. ನಾನೂ ಒಂದಿನ ನಡೆದ್ರೆ ಏನಾಗುತ್ತೆ ಅಂದ್ಕೊಂಡೇ ಇಲ್ಲಿಗೆ ಬಂದಿದ್ದು" ಅಂತ ಬರೆದಳು. ನಿಂತೆ. ರೀಮ್ಸ್ ನೋಡುವ ಮನಸ್ಸಿತ್ತು, ಕೋಣೆಯಲ್ಲಿ ಕಾಲು ಮೇಲಿಟ್ಟುಕೊಂಡು ಗೋಡೆ ನೋಡಿದೆ.

ಬೆಸಾನ್ಸನ್, ಪೊಂತಾರ್ಲಿಯೆ, ಆಮೇಲೆ ಗಡಿ. ಗಡಿ ಅಂದರೆ ಏನೂ ಇಲ್ಲ, ದಾರಿ ತೋರಿಸುವ ಫಲಕದ ಬಣ್ಣ ಹಳದಿ ಆಗುತ್ತದೆ ಅಷ್ಟೇ. ಲೊಸಾನ್‌ನಿಂದ ಸರೋವರದ ಪಕ್ಕ ದ್ರಾಕ್ಷಿ ತೋಟಗಳ ನಡುವೆ ನಡೆದದ್ದು ಇಡೀ ಯಾತ್ರೆಯಲ್ಲೇ ಸುಖದ ದಿನಗಳು. ಸುಖದ ಬಗ್ಗೆ ಬರೆಯಲು ಏನೂ ಇರುವುದಿಲ್ಲ, ಮುಂದೆ ಹೋಗೋಣ.

ಆಲ್ಪ್ಸ್ ಹತ್ತುವ ದಾರಿ ಶುರುವಾಗುವ ಮಾರ್ಟಿನಿಯಲ್ಲಿ ಒಂದು ತೀರ್ಮಾನ ಮಾಡಬೇಕಾಯಿತು. ಅಲ್ಲಿಂದ ಮೇಲೆ ಹೋಗುವ ಮೊದಲ ಭಾಗ ಕಡಿದಾದ ಇಳಿಜಾರಿನ ಮೇಲಿನ ಇಕ್ಕಟ್ಟು ದಾರಿ, ಕೆಲವು ಕಡೆ ಸರಪಳಿ ಹಿಡಿದು ನಡೆಯಬೇಕು. ಪಕ್ಕದಲ್ಲೇ ಓರ್ಸಿಯೇರ್‌ವರೆಗೆ ಪುಟ್ಟ ರೈಲಿದೆ. ಹಿಂದಿನ ದಿನ ಮಳೆ ಬಂದಿತ್ತು. ನಾನು ಸೆಂಬ್ರಾಂಷೆವರೆಗೆ ರೈಲು ಹತ್ತಿದೆ, ಹತ್ತಿದೆ ಅಂತ ಎಲ್ಲರಿಗೂ ಅವತ್ತೇ ತಿಳಿಸಿದೆ. ಕಿಲೋಮೀಟರ್‌ಗೆ ಇಷ್ಟು ಅಂತ ಮಾತು ಕೊಟ್ಟಿದ್ದ ಒಬ್ಬರು ಆ ಕಿಲೋಮೀಟರ್‌ಗಳನ್ನು ಕಳೆದುಬಿಡಿ ಅಂತ ಉತ್ತರಿಸಿದರು. ಸರಿ, ಕಳೆದೆ. ತಪ್ಪೇನಿದೆ? ಇನ್ನೊಬ್ಬರು, ನಮ್ಮ ಹಳೆಯ ಕಚೇರಿಯ ಜವಾನರು, "ಮೇಡಂ, ರೈಲಿಗೂ ಸೇರಿಸಿ ಕೊಡ್ತೀನಿ, ಜಾರಿ ಬಿದ್ದಿದ್ರೆ ಏನು ಗತಿ" ಅಂದರು. ಕಿಲೋಮೀಟರ್ ಲೆಕ್ಕದ ದೇಣಿಗೆ ಬೇಡ ಅಂತ ನನ್ನ ಈಗಿನ ಅಭಿಪ್ರಾಯ. ಅದು ನಡೆಯುವವರನ್ನು ಹುಚ್ಚು ಧೈರ್ಯಕ್ಕೆ ತಳ್ಳುತ್ತದೆ. ಒಟ್ಟು ಇಷ್ಟು ಅಂತ ಕೇಳಿ.

ಮಾರ್ಟಿನಿ ಇರುವುದು 500 ಮೀಟರ್‌ಗೂ ಕೆಳಗೆ, ಕಣಿವೆದಾರಿ 2469 ಮೀಟರ್ ಮೇಲೆ. ಮೇಲೆ ಹೋಗುವ ದಾರಿಯಲ್ಲಿ ಬೂರ್ಗ್ ಸೇಂಟ್ ಪಿಯೇರ್ ಅಂತ ಊರಿದೆ. 1800ರ ಮೇ ತಿಂಗಳಲ್ಲಿ ನೆಪೋಲಿಯನ್ ತನ್ನ ಸೇನೆ, ಫಿರಂಗಿಗಳ ಸಮೇತ ಇದೇ ದಾರಿಯಲ್ಲಿ ಹೋದ. ಊರವರ ಮರ, ಪಾತ್ರೆ, ದುಡಿಮೆ, ಎಲ್ಲ ಬಳಸಿಕೊಂಡು, ಹಣ ಕೊಡುತ್ತೇನೆ ಅಂತ ಮಾತು ಕೊಟ್ಟ. ಪೂರ್ತಿ ಹಣ ಆ ಊರಿಗೆ ಬರಲೇ ಇಲ್ಲ. ದೇಣಿಗೆ ಪಟ್ಟಿ ಚೀಲದಲ್ಲಿಟ್ಟುಕೊಂಡು ನಡೆಯುತ್ತಿದ್ದ ನನಗೆ ಈ ಕಥೆ ಓದಿ ಎದೆ ಧಸಕ್ಕೆಂದಿತು.

ಕಣಿವೆದಾರಿಯ ತುದಿಯಲ್ಲಿ ಪಾದ್ರಿಗಳು ನಡೆಸುವ ತಂಗುಮನೆ ಇದೆ. ಸುಮಾರು ಸಾವಿರ ವರ್ಷದಿಂದ ದಾರಿಹೋಕರಿಗೆ ಬಾಗಿಲು ತೆರೆದುಕೊಂಡೇ ಇದೆ. ಸೇಂಟ್ ಬರ್ನಾರ್ಡ್ ನಾಯಿಗಳಿಗೆ ಹೆಸರು ಬಂದದ್ದು ಇಲ್ಲಿಂದಲೇ. ಹತ್ತುವುದಕ್ಕೆ ಮೂರು ದಿನ ತೆಗೆದುಕೊಂಡೆ, ಉಸಿರು ಕಟ್ಟಿತು, ನಿಂತು ನಿಂತು ಹೋದೆ. ಆದರೆ ಹತ್ತುವುದು ಕಾಲಿಗೆ ಅಂಥ ತೊಂದರೆ ಕೊಡುವುದಿಲ್ಲ. ಮುಂದಿನ ವರ್ಷ ಅಲ್ಲಿಂದ ಆವೊಸ್ತಾಗೆ ಇಳಿಯುವಾಗ ಗೊತ್ತಾಯಿತು ಕಷ್ಟ ಏನು ಅಂತ. 1900 ಮೀಟರ್ ಬರೀ ಇಳಿಜಾರು. ಪ್ರತಿ ಹೆಜ್ಜೆಗೂ ಮಂಡಿ ಕೂಗುತ್ತದೆ, ಹೆಬ್ಬೆರಳು ಬೂಟಿನ ಮೂತಿಗೆ ಗುದ್ದುತ್ತದೆ. ಕೋಲುಗಳಿಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಎತ್ರೂಬ್ಲ್‌ನಲ್ಲಿ ತಂಗಿ, ಎರಡು ದಿನಕ್ಕೆ ಹಂಚಿದೆ. ಆದರೂ ಒಂದು ಉಗುರು ಕಪ್ಪಾಗಿ ಬಿದ್ದುಹೋಯಿತು.

ಇಟಲಿ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಚುಟುಕಾಗಿ ಹೇಳುತ್ತೇನೆ. ವೆರ್ಚೆಲ್ಲಿ ಸುತ್ತ ಭತ್ತದ ಗದ್ದೆಗಳು, ಅದಕ್ಕೆ ತಕ್ಕ ಸೊಳ್ಳೆಗಳು. ಪೋ ನದಿಯನ್ನು ಸಿಜೆರಿಕ್ ದಾಟಿದ ಜಾಗದಲ್ಲೇ ಪುಟ್ಟ ದೋಣಿಯಲ್ಲಿ ದಾಟಿಸುತ್ತಾರೆ, ಮೊದಲೇ ಫೋನ್ ಮಾಡಿ ಹೇಳಬೇಕು. ಚೀಸಾ ಕಣಿವೆದಾರಿ 1041 ಮೀಟರ್, ಆಲ್ಪ್ಸ್ ನೋಡಿದ ಮೇಲೆ ಅದು ಲೆಕ್ಕಕ್ಕಿಲ್ಲ ಅಂದುಕೊಂಡು ಹೋದರೆ ಚೆನ್ನಾಗಿಯೇ ಬೆವರಿಳಿಸುತ್ತದೆ. ಲುಕ್ಕಾ, ಸಿಯೆನಾ ಹೊತ್ತಿಗೆ ಜೊತೆಗೆ ನಡೆಯುವವರು ಸಿಗತೊಡಗಿದರು. ನನ್ನ ವಯಸ್ಸಿನವರೇ ಬಹಳ. ಯುವಕರಿಗೆ ಇಷ್ಟು ರಜೆ ಎಲ್ಲಿಂದ ಬರಬೇಕು?

ಇಟಲಿಯಲ್ಲಿ ಕೆಲವು ತಂಗುಮನೆಗಳಿಗೆ ಬಾಡಿಗೆ ಅಂತ ಇಲ್ಲ. ಬಾಗಿಲ ಹತ್ತಿರ ಒಂದು ಡಬ್ಬಿ, ಕೈಲಾದಷ್ಟು ಹಾಕಿ ಹೋಗಬೇಕು, ಯಾರೂ ನೋಡುವುದಿಲ್ಲ. ಎಷ್ಟು ಹಾಕಬೇಕು ಅಂತ ಡಬ್ಬಿಯ ಮುಂದೆ ನಿಂತು ಲೆಕ್ಕ ಹಾಕುವಾಗ ನನಗೆ ಕೊಟ್ಟವರ ಕಷ್ಟ ಅರ್ಥವಾಯಿತು. ಕಡಿಮೆ ಆಯ್ತಾ, ಜಾಸ್ತಿ ಆಯ್ತಾ, ಬೇರೆಯವರು ಎಷ್ಟು ಹಾಕಿರಬಹುದು! ಅದಾದಮೇಲೆ ಕಡಿಮೆ ಕೊಟ್ಟವರ ಬಗ್ಗೆ ಮನಸ್ಸಿನಲ್ಲಿದ್ದ ಸಣ್ಣ ಸಿಟ್ಟು ಹೋಯಿತು.

ಕೊನೆಯ ದಿನ ಮೊಂತೆ ಮಾರಿಯೋ ಗುಡ್ಡದಿಂದ ಸಂತ ಪೀಟರ್ ಚರ್ಚಿನ ಗುಮ್ಮಟ ಕಂಡಿತು. ಕೆಳಗೆ ಇಳಿದು, ಭದ್ರತಾ ತಪಾಸಣೆಯ ಸರತಿಯಲ್ಲಿ ಪ್ರವಾಸಿಗರ ಜೊತೆ ನಿಂತು, ಸೀಲಿನ ಪುಸ್ತಕ ತೋರಿಸಿ ಪ್ರಮಾಣಪತ್ರ ಪಡೆದೆ. ಕೊನೆಯ 100 ಕಿಲೋಮೀಟರ್ ನಡೆದವರಿಗೂ ಅದೇ ಪ್ರಮಾಣಪತ್ರ ಕೊಡುತ್ತಾರೆ. ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಮಂಡಿ ಈಗ ಪರವಾಗಿಲ್ಲ. ಬಲಗಾಲಿನ ಹಿಮ್ಮಡಿ ಬೆಳಿಗ್ಗೆ ಎದ್ದ ಕೂಡಲೇ ಚುಚ್ಚುತ್ತದೆ, ನಾಲ್ಕು ಹೆಜ್ಜೆ ಇಟ್ಟ ಮೇಲೆ ಸರಿಹೋಗುತ್ತದೆ. ಗೆಳತಿಗೆ ಈ ವರ್ಷ ಮತ್ತೆ ಹೊಸ ಸಾಕೆಟ್ ಆಯಿತು, ಅವಳದೇ ಖರ್ಚಿನಲ್ಲಿ. ಸೇರಿದ ಹಣದಲ್ಲಿ ಎಷ್ಟು ಜನರಿಗೆ ಕಾಲು ಆಯಿತು, ಎಷ್ಟು ಜನ ಸಾಕೆಟ್ ಬದಲಾಯಿಸಿಕೊಂಡರು ಅನ್ನುವ ಲೆಕ್ಕವನ್ನು ಸಂಸ್ಥೆಯವರು ಕೊಟ್ಟವರಿಗೆಲ್ಲ ಕಳಿಸಿದ್ದಾರೆ. ಕೊಡುತ್ತೇನೆ ಅಂದು ಇನ್ನೂ ಕೊಡದವರ ಪಟ್ಟಿ ನನ್ನ ಹತ್ತಿರ ಇದೆ. ನೆಪೋಲಿಯನ್‌ಗಿಂತ ನಮ್ಮ ಜನ ವಾಸಿ, ಬಹುಪಾಲು ಬಂದಿದೆ. ಉಳಿದವರಿಗೆ ದಿನಾ ಬೆಳಿಗ್ಗೆ ಇಬ್ಬಿಬ್ಬರಂತೆ ಫೋನ್ ಮಾಡುತ್ತಿದ್ದೇನೆ. ಹವಾಮಾನದ ಮಾತು ಎತ್ತುವುದೇ ಇಲ್ಲ, ನೇರವಾಗಿ ಕೇಳುತ್ತೇನೆ.